ನೀರಿಗೆ ಹಾದಿ ಬಿಡಿ

ಕಲಬುರಗಿಯ ಕಾಲೇಜುಗಳಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ, ಓದು ಮುಗಿಸಿ ಈಗಷ್ಟೇ ಲೋಕೋಪಯೋಗಿ ಇಲಾಖೆಗೋ ಪಂಚಾಯತ್ ರಾಜ್ ಇಲಾಖೆಗೋ ಗುತ್ತಿಗೆದಾರರ ಬಳಿಗೋ ಕೆಲಸಕ್ಕೆ ಸೇರಿದ ಮಕ್ಕಳಿಗೆ,



ನಾನು ಎಂಜಿನಿಯರ್ ಅಲ್ಲ. ಕಮಲಾಪುರದ ಹೈಸ್ಕೂಲಿನಲ್ಲಿ 26 ವರ್ಷ ಗಣಿತ ಕಲಿಸಿದ ಮಾಸ್ತರ. ಮನೆ ಕಲಬುರಗಿಯಲ್ಲಿ, ಶಾಲೆ ಅಲ್ಲಿ. ಹೋಗುವಾಗ ಸುಮಾರು 35 ಕಿಲೋಮೀಟರ್, ಬರುವಾಗ ಅಷ್ಟೇ. ವರ್ಷಕ್ಕೆ 220 ದಿನ ಶಾಲೆ ಎಂದು ಹಿಡಿದರೆ ನಾಲ್ಕು ಲಕ್ಷ ಕಿಲೋಮೀಟರ್ ಆಗುತ್ತದೆ. ಅಷ್ಟೂ ಒಂದೇ ಸಡಕಿನ ಮೇಲೆ, ಬಹುಪಾಲು ಬಸ್ಸಿನ ಕಿಟಕಿ ಪಕ್ಕ ಕುಳಿತು. ನಿಮ್ಮಲ್ಲಿ ಕೆಲವರು ತ್ರಿಕೋನಮಿತಿ ಕಲಿತದ್ದು ನನ್ನ ಹತ್ತಿರವೇ. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಆ ಸಡಕು ನಿಮಗೂ ಗೊತ್ತು. ಹುಮನಾಬಾದ್ ರಿಂಗ್ ರೋಡ್ ದಾಟಿ, ಕಪನೂರಿನ ಕಾರ್ಖಾನೆಗಳ ಮಗ್ಗುಲಿಂದ ಹೊರಟು, ಅವರಾದ, ಮಹಾಗಾಂವ ಕ್ರಾಸ್, ಕುರಿಕೋಟಾ ಸೇತುವೆ, ಆಮೇಲೆ ಕಮಲಾಪುರ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೈಲಿಗಲ್ಲಿನ ಮೇಲೆ 218 ಎಂದಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಬಂದಾಗ ಅದು 50 ಆಯಿತು. ನಾಂದೇಡದಿಂದ ಬೀದರ, ಹುಮನಾಬಾದ, ಕಲಬುರಗಿ, ಜೇವರ್ಗಿ, ವಿಜಯಪುರ, ಹೊಸಪೇಟೆ ಹಾದು ಚಿತ್ರದುರ್ಗಕ್ಕೆ ಮುಟ್ಟುವ ದೊಡ್ಡ ಹಾದಿ. ಹೈದರಾಬಾದಿನ ಲಾರಿ, ಗೋವಾಕ್ಕೆ ಹೋಗುವ ಬಸ್ಸು, ಗಾಣಗಾಪುರಕ್ಕೆ ಹೊರಟ ಭಕ್ತರ ಕಾರು, ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು, ತಾಂಡಾದಿಂದ ಕೂಲಿಗೆ ಬರುವ ಹೆಣ್ಣುಮಕ್ಕಳ ಟಂಟಂ, ಎಲ್ಲ ಇದರ ಮೇಲೆಯೇ.

2022ರ ಜೂನ್ 3ರ ಬೆಳಿಗ್ಗೆ ಈ ಹಾದಿಯ ಮೇಲೆ, ಕಮಲಾಪುರದ ಹೊರವಲಯದಲ್ಲಿ, ಗೋವಾದಿಂದ ಹೈದರಾಬಾದಿಗೆ ಮರಳುತ್ತಿದ್ದ ಬಸ್ಸು ಸರಕು ವಾಹನಕ್ಕೆ ಡಿಕ್ಕಿಯಾಗಿ ಬೆಂಕಿ ಹೊತ್ತಿಕೊಂಡಿತು. ಕನಿಷ್ಠ ಏಳು ಜನ ಒಳಗೇ ಸುಟ್ಟುಹೋದರು. ಮಕ್ಕಳ ಸಮೇತ ಪ್ರವಾಸ ಹೋಗಿದ್ದ ಕುಟುಂಬ ಅದು. 2024ರ ನವೆಂಬರಿನಲ್ಲಿ ಕಮಲಾಪುರದ ಸಮೀಪವೇ ಕಾರು ಮತ್ತು ಪಿಕಪ್ ವಾಹನ ಡಿಕ್ಕಿಯಾಗಿ ಗಾಣಗಾಪುರಕ್ಕೆ ಹೊರಟಿದ್ದ ನಾಲ್ವರು ತೀರಿಕೊಂಡರು. ಅದೇ ಹೆದ್ದಾರಿಯ ಮೇಲೆ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಹತ್ತಿರ, 2025ರ ಏಪ್ರಿಲ್ 5ರ ನಸುಕಿನಲ್ಲಿ, ನಿಂತ ಲಾರಿಗೆ ವ್ಯಾನು ಬಡಿದು ಬಾಗಲಕೋಟೆಯ ಐವರು ಸತ್ತರು. ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಬರುತ್ತಿದ್ದವರು ಅವರು. ಹರಕೆ ಹೊತ್ತು ನಮ್ಮ ಊರಿಗೆ ಬರುವವರು ನಮ್ಮ ಊರು ಮುಟ್ಟದೆ ಸಾಯುತ್ತಿದ್ದಾರೆ. ಇದು ನಮಗೆ ಸಂಕಟ ಆಗಬೇಕಾದ ಮಾತು.

ಇಂಥ ಸುದ್ದಿ ಓದಿದಾಗಲೆಲ್ಲ ಜನ ಚಾಲಕನನ್ನು ಬೈಯುತ್ತಾರೆ. ವೇಗ, ನಿದ್ದೆ, ಕುಡಿತ. ಅವು ಸುಳ್ಳಲ್ಲ. ಆದರೆ ಚಾಲಕ ತಪ್ಪಿದಾಗ ಅವನನ್ನು ಕಾಯುವ ಕೆಲಸ ರಸ್ತೆಯದು. ನಿದ್ದೆಗಣ್ಣಿನವನು ಅಂಚಿಗೆ ಸರಿದರೆ ಗಡಗಡ ಸದ್ದಿನಿಂದ ಎಬ್ಬಿಸುವ ಪಟ್ಟಿ, ಹೊರಳಿದರೆ ತಡೆಯುವ ಕಂಬಿ, ಲಾರಿ ಕೆಟ್ಟರೆ ಪಕ್ಕಕ್ಕೆ ನಿಲ್ಲಿಸಲು ಜಾಗ. ಇವೆಲ್ಲ ನಿಮ್ಮ ಕೈಯಲ್ಲಿ ಇರುವ ಸಂಗತಿಗಳು. ಪೊಲೀಸರ ಕೈಯಲ್ಲಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೂ ಸಣ್ಣದಾಗಿ ಕಾಣುವ ಒಂದು ವಿಷಯ: ಚರಂಡಿ.

ನನ್ನ ಮೊದಲ ವರ್ಷಗಳಲ್ಲಿ ಈ ಸಡಕಿನ ಮೇಲೆ ಗ್ಯಾಂಗಿನವರು ಇದ್ದರು. ನಾಲ್ಕೈದು ಜನ, ಗುದ್ದಲಿ, ಸಲಿಕೆ, ಬುಟ್ಟಿ. ತಮ್ಮ ಪಾಲಿನ ಕಿಲೋಮೀಟರುಗಳ ಮೇಲೆ ದಿನವಿಡೀ ಇರುತ್ತಿದ್ದರು. ಒಂದು ಸಲ ಮಹಾಗಾಂವ ಕ್ರಾಸಿನ ಆಚೆ ಬಸ್ಸು ಕೆಟ್ಟು ನಿಂತಾಗ ಅವರಲ್ಲಿ ಹಿರಿಯನಾದ ಒಬ್ಬನೊಂದಿಗೆ ಬೇವಿನ ಗಿಡದ ನೆರಳಿಗೆ ಕುಳಿತಿದ್ದೆ. ಅವನು ಗುಂಡಿ ಮುಚ್ಚುವುದು ಬಿಟ್ಟು ಪಕ್ಕದ ಹುಲ್ಲು ಕೆತ್ತುತ್ತಿದ್ದ. ಯಾಕೆಂದು ಕೇಳಿದೆ. "ಸಡಕ ಮ್ಯಾಲಿಂದ ಹಾಳಾಗಲ್ಲ್ರಿ ಮಾಸ್ತರ್, ಬಾಜೂದಿಂದ ಹಾಳಾಗ್ತದ. ನೀರಿಗಿ ಹಾದಿ ಮಾಡಿಕೊಟ್ರ ಸಡಕಿಗಿ ಏನೂ ಆಗಲ್ಲ" ಅಂದ. ಓದು ಬರಹ ಇಲ್ಲದ ಮನುಷ್ಯ. ನಾನು ಆಮೇಲೆ ಕುತೂಹಲಕ್ಕೆ ಓದಿದ ಪುಸ್ತಕಗಳೆಲ್ಲ ಅವನ ಮಾತನ್ನೇ ಉದ್ದ ಮಾಡಿ ಹೇಳಿದವು.

ನಮ್ಮದು ಎರೆಭೂಮಿ. ತೊಗರಿಯ ಕಣಜ ಎಂದು ಹೆಸರು ತಂದುಕೊಟ್ಟ ಮಣ್ಣೇ ರಸ್ತೆಗೆ ವೈರಿ. ಇದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇದೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲದ ಬಿರುಕಿಗೆ ಕೈ ಹಾಕಿದರೆ ಮೊಳಕೈ ತನಕ ಇಳಿಯುವುದನ್ನು ನೀವು ಚಿಕ್ಕಂದಿನಲ್ಲಿ ಆಡಿ ನೋಡಿದ್ದೀರಿ. ಡಾಂಬರಿನ ಕೆಳಗೂ ಅದೇ ನಡೆಯುತ್ತದೆ. ರಸ್ತೆಯ ನಡುಭಾಗದ ಮಣ್ಣು ಮುಚ್ಚಿಕೊಂಡಿರುವುದರಿಂದ ತೇವ ಉಳಿಸಿಕೊಳ್ಳುತ್ತದೆ. ಅಂಚಿನ ಮಣ್ಣು ಬಿಸಿಲಿಗೆ ಒಣಗಿ ಸರಿಯುತ್ತದೆ. ಹಾಗಾಗಿ ಅಂಚಿನಿಂದ ಒಂದೆರಡು ಅಡಿ ಒಳಗೆ ಉದ್ದಕ್ಕೆ ಬಿರುಕು ಬೀಳುತ್ತದೆ. ಜೂನ್ ಮೊದಲ ಮಳೆ ಆ ಬಿರುಕಿನಿಂದ ಒಳಗೆ ಇಳಿಯುತ್ತದೆ. ಒಣಗಿದಾಗ ಕಲ್ಲಿನಂತಿದ್ದ ಮಣ್ಣು ತೋಯ್ದಾಗ ಬೆಣ್ಣೆಯಾಗುತ್ತದೆ. ನೀವು ಪ್ರಯೋಗಾಲಯದಲ್ಲಿ ನಾಲ್ಕು ದಿನ ನೆನೆಸಿಟ್ಟು ಅಳೆಯುವ ಸಿಬಿಆರ್, ಅಂದರೆ ಮಣ್ಣು ಭಾರ ತಾಳುವ ಅಳತೆ, ಎರಡು ಮೂರಕ್ಕೆ ಇಳಿಯುವುದು ಇದೇ ಮಣ್ಣಿನದು. ಅದರ ಮೇಲೆ ಲಾರಿಯ ಗಾಲಿ ಹೋದಾಗ ಕೆಳಗಿನ ನೀರು ಕೆಸರನ್ನು ಹೊತ್ತು ಮೇಲಕ್ಕೆ ಚಿಮ್ಮುತ್ತದೆ, ಖಡಿ ಸಡಿಲಾಗುತ್ತದೆ. ಆಗಸ್ಟ್ ಬರುವ ಹೊತ್ತಿಗೆ ಗುಂಡಿ ಸಿದ್ಧ. ಗುಂಡಿ ಬಿದ್ದ ದಿನ ನಾವು ಪತ್ರಿಕೆಗೆ ಫೋಟೋ ಕಳಿಸುತ್ತೇವೆ. ಕೆಲಸ ಕೆಟ್ಟದ್ದು ಅದಕ್ಕೂ ಮೂರು ತಿಂಗಳ ಹಿಂದೆ, ಚರಂಡಿಯಲ್ಲಿ.

ಈ ಮಣ್ಣನ್ನು ಗೆಲ್ಲುವ ದಾರಿ ಇಲ್ಲವೆಂದಲ್ಲ. ಎರೆಮಣ್ಣನ್ನು ತೆಗೆದು ಗಟ್ಟಿ ಮುರುಮ್ ತುಂಬುವುದು ಹಳೆಯ ಪದ್ಧತಿ. ಮಣ್ಣಿಗೆ ಸುಣ್ಣ ಬೆರೆಸಿದರೆ ಅದರ ಉಬ್ಬುವ ಗುಣವೇ ಇಳಿಯುತ್ತದೆ. ಈಚೆಗೆ ಹಳೆಯ ರಸ್ತೆಯನ್ನೇ ಯಂತ್ರದಿಂದ ಅಗೆದು, ಪುಡಿಮಾಡಿ, ಸಿಮೆಂಟ್ ಬೆರೆಸಿ, ಅಲ್ಲೇ ಮತ್ತೆ ದಮ್ಮಸು ಮಾಡುವ ಪದ್ಧತಿ ಬಂದಿದೆ. ಉತ್ತರ ಪ್ರದೇಶದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. ಹೊಸ ಖಡಿ ಉಳಿಯುತ್ತದೆ, ಗುಡ್ಡ ಉಳಿಯುತ್ತದೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಿಂದ ಸಿಮೆಂಟು ದೇಶದ ಎಲ್ಲೆಲ್ಲಿಗೋ ಹೋಗುತ್ತದೆ. ಸುಣ್ಣದ ಕಲ್ಲು ನಮ್ಮ ಕಾಲಡಿಯಲ್ಲೇ ಇದೆ. ಎರೆಭೂಮಿಯ ರಸ್ತೆಗೆ ದೇಶಕ್ಕೇ ಪಾಠ ಹೇಳಬೇಕಾದ ಜಿಲ್ಲೆ ನಮ್ಮದು. 1958ರಿಂದ ಈ ಊರಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇದೆ. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ದೂರ ಹುಡುಕಬೇಡಿ. ಆದರೆ ಮರೆಯಬೇಡಿ, ಸುಣ್ಣ ಹಾಕಿದರೂ ಸಿಮೆಂಟ್ ಹಾಕಿದರೂ ಪಕ್ಕದಲ್ಲಿ ನೀರು ನಿಂತರೆ ಅದು ಒಂದೆರಡು ವರ್ಷ ತಡವಾಗಿ ಕೆಡುತ್ತದೆ, ಅಷ್ಟೇ.

ಲೆಕ್ಕ ನೋಡಿ. ಡಾಂಬರು ರಸ್ತೆಗೆ ನಡುವಿನಿಂದ ಅಂಚಿಗೆ ನೂರಕ್ಕೆ ಎರಡೂವರೆಯಷ್ಟು ಇಳಿಜಾರು. ಅಂದರೆ ಮೂರೂವರೆ ಮೀಟರಿನ ಒಂದು ಲೇನಿಗೆ ಒಂಬತ್ತು ಸೆಂಟಿಮೀಟರೂ ಪೂರ್ತಿ ಇಲ್ಲ. ಪಕ್ಕದ ಮಣ್ಣಿನ ಅಂಚು ಅದಕ್ಕಿಂತ ಹೆಚ್ಚು ಇಳಿಜಾರಾಗಿರಬೇಕೆಂಬುದು ನಿಯಮ. ಗಾಳಿಗೆ ಬಂದ ಧೂಳು, ಲಾರಿಯಿಂದ ಉದುರಿದ ಮಣ್ಣು, ಹುಲ್ಲಿನ ಬೇರು ಸೇರಿ ಎರಡು ವರ್ಷಕ್ಕೆ ಅಲ್ಲಿ ನಾಲ್ಕು ಬೆರಳಿನ ಒಡ್ಡು ಏಳುತ್ತದೆ. ನಾವೇ ಹೊಲಕ್ಕೆ ಕಟ್ಟುವಂಥ ಒಡ್ಡು. ರಸ್ತೆಯ ಮೇಲೆ ಬಿದ್ದ ನೀರಿಗೆ ಹೋಗಲು ಎಲ್ಲಿದೆ ದಾರಿ? ಗ್ಯಾಂಗಿನ ಆ ಹಿರಿಯ ಕೆತ್ತುತ್ತಿದ್ದದ್ದು ಈ ಒಡ್ಡನ್ನು. ಅವರು ಒಬ್ಬೊಬ್ಬರಾಗಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವರನ್ನು ನಾನು ಈ ಹಾದಿಯಲ್ಲಿ ಕಾಣಲಿಲ್ಲ.

ದೇಶದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಉದ್ದ 2014ರಲ್ಲಿ ಸುಮಾರು 91,000 ಕಿಲೋಮೀಟರ್ ಇತ್ತು. ಹತ್ತು ವರ್ಷದಲ್ಲಿ 1,46,000 ದಾಟಿತು. ದಿನಕ್ಕೆ ಎಷ್ಟು ಕಿಲೋಮೀಟರ್ ಕಟ್ಟಿದೆವು ಎಂಬುದು ಹೆಮ್ಮೆಯ ಸಂಖ್ಯೆಯಾಯಿತು. 2020-21ರಲ್ಲಿ ಅದು ಸುಮಾರು 37. ನಾನು ಅದನ್ನು ಹಳಿಯುವವನಲ್ಲ. ಮುಂಚೆ ಕಮಲಾಪುರದಿಂದ ಹೆರಿಗೆ ನೋವಿನ ಹೆಣ್ಣುಮಗಳನ್ನು ಜೀಪಿನಲ್ಲಿ ಕಲಬುರಗಿಗೆ ತರುವಾಗ ಆಗುತ್ತಿದ್ದ ಕುಲುಕಾಟ ನಾನು ಕಣ್ಣಾರೆ ಕಂಡಿದ್ದೇನೆ. ಒಳ್ಳೆಯ ರಸ್ತೆ ಜೀವ ಉಳಿಸುತ್ತದೆ. ಆದರೆ ದಿನಕ್ಕೆ ಎಷ್ಟು ಕಿಲೋಮೀಟರ್ ಚರಂಡಿ ಬಳಿದೆವು, ಎಷ್ಟು ಮೋರಿಗಳ ಹೂಳು ತೆಗೆದೆವು ಎಂಬ ಸಂಖ್ಯೆಯನ್ನು ಯಾವ ಸಚಿವರೂ ಹೇಳಿದ್ದು ನಾನು ಕೇಳಿಲ್ಲ. ಯಾವ ಪತ್ರಕರ್ತರೂ ಕೇಳಿದ್ದು ಓದಿಲ್ಲ. ಕಟ್ಟುವುದಕ್ಕೆ ಉದ್ಘಾಟನೆ ಇದೆ, ಕಾಯುವುದಕ್ಕೆ ಇಲ್ಲ. ನಮ್ಮ ನೀತಿಯ ದೊಡ್ಡ ಕೊರತೆ ಇದು.

ಸ್ವಲ್ಪ ಸುಧಾರಣೆ ಆಗಿದೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕೆಂಬ ಷರತ್ತು ಬಂತು. ಹೆದ್ದಾರಿಗಳಲ್ಲೂ ರಸ್ತೆಯ ಸ್ಥಿತಿ ನೋಡಿ ಹಣ ಕೊಡುವ ನಿರ್ವಹಣಾ ಗುತ್ತಿಗೆಗಳು ಬಂದಿವೆ. ಷರತ್ತು ಕಾಗದದ ಮೇಲಿದೆ. ಅದನ್ನು ನೆಲದ ಮೇಲೆ ಅಳೆದು ಸಹಿ ಹಾಕುವವರು ನೀವು. ನಾಳೆ ಯಾರೋ ಮುಂದಿಡುವ ಬಿಲ್ಲಿನಲ್ಲಿ ಚರಂಡಿ ಸ್ವಚ್ಛತೆ ಎಂಬ ಒಂದು ಸಾಲು ಇರುತ್ತದೆ, ಸಣ್ಣ ಮೊತ್ತ. ಆ ಸಾಲಿಗೆ ಸಹಿ ಹಾಕುವ ಮುಂಚೆ ಒಂದು ಸಲ ಹೋಗಿ ನೋಡಿ ಬನ್ನಿ.

ಭಾರದ ಮಾತೂ ಹೇಳಬೇಕು. ಇದು ನನ್ನ ವಿಷಯ, ಗಣಿತ. 1958ರಿಂದ 1960ರ ತನಕ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದ ಬಳಿ ದೊಡ್ಡ ಪರೀಕ್ಷೆ ಮಾಡಿದರು. ಬೇರೆ ಬೇರೆ ಭಾರದ ಲಾರಿಗಳನ್ನು ಪರೀಕ್ಷೆಗೆಂದೇ ಕಟ್ಟಿದ ರಸ್ತೆಯ ಮೇಲೆ ಲಕ್ಷಾಂತರ ಬಾರಿ ಓಡಿಸಿ ನೋಡಿದಾಗ ತಿಳಿದದ್ದು: ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಹೆಚ್ಚು ಕಡಿಮೆ ನಾಲ್ಕನೇ ಘಾತದಂತೆ ಏರುತ್ತದೆ. ಅರ್ಧ ಟನ್ ಆಕ್ಸಲಿನ ಕಾರಿಗಿಂತ ಹತ್ತು ಟನ್ ಆಕ್ಸಲಿನ ಲಾರಿ ಇಪ್ಪತ್ತು ಪಟ್ಟು ಭಾರ. ಹಾನಿ ಒಂದು ಲಕ್ಷ ಅರವತ್ತು ಸಾವಿರ ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಆಕ್ಸಲ್ಲಿಗೆ ಇದ್ದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಸಾಗಣೆ ವೆಚ್ಚ ತಗ್ಗಲಿ ಎಂಬ ಉದ್ದೇಶ. ಭಾರ ಏರಿದ್ದು ನೂರಕ್ಕೆ ಹದಿಮೂರು. ನಾಲ್ಕನೇ ಘಾತ ಹಾಕಿದರೆ ಹಾನಿ ಏರುವುದು ನೂರಕ್ಕೆ ಅರವತ್ತು. ಮಿತಿಯ ಮೇಲೆ ಇನ್ನೂ ನೂರಕ್ಕೆ ಇಪ್ಪತ್ತು ಹೆಚ್ಚು ಹೇರಿದರೆ ಅದು ಮತ್ತೆ ದುಪ್ಪಟ್ಟು. ಭೀಮಾ ತೀರದ ಮರಳಿನ ಟಿಪ್ಪರು, ಸಿಮೆಂಟಿನ ಲಾರಿ, ಶಹಾಬಾದ್ ಕಲ್ಲಿನ ಲಾರಿ ಓಡಾಡುವ ಜಿಲ್ಲೆಯಲ್ಲಿ ಹಳೆಯ ಭಾರಕ್ಕೆ ಕಟ್ಟಿದ ರಸ್ತೆಗಳು ಎಷ್ಟು ದಿನ ತಾಳಿಯಾವು? 2017ರ ಅಕ್ಟೋಬರ್ 29ರಂದು ಬೀದರ-ಕಲಬುರಗಿ ರೈಲು ಮಾರ್ಗ ತೆರೆಯಿತು, ಕಮಲಾಪುರಕ್ಕೂ ರೈಲು ಬಂತು. ಭಾರದ ಸರಕು ಆದಷ್ಟು ಹಳಿಯ ಮೇಲೆ ಹೋಗಲಿ ಎಂದು ಒತ್ತಾಯಿಸಬೇಕಾದ ಕಾಲ ಇದು.

ಇನ್ನು ಅಂಚು. ನನ್ನ ಜತೆ ಕೆಲಸ ಮಾಡುತ್ತಿದ್ದ ವಿಜ್ಞಾನದ ಮಾಸ್ತರರೊಬ್ಬರು ಒಂದು ಸಂಜೆ ಬೈಕಿನಲ್ಲಿ ಕಲಬುರಗಿಗೆ ಬರುತ್ತಿದ್ದರು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಎಡಕ್ಕೆ ಸರಿದರು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಗಿತ್ತು, ಪಕ್ಕದ ಮಣ್ಣು ಗೇಣುದ್ದ ಕೆಳಗಿತ್ತು. ಗಾಲಿ ಇಳಿಯಿತು. ಮತ್ತೆ ಮೇಲೇರಿಸಲು ಹೋದಾಗ ಅಂಚಿಗೆ ಉಜ್ಜಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ನಿವೃತ್ತಿಯ ದಿನದ ತನಕ ಕುಂಟಿಕೊಂಡೇ ತರಗತಿಗೆ ಬಂದರು. ಆ ಹೊಸ ಡಾಂಬರಿಗೆ ಬಿಲ್ಲು ಆಗಿತ್ತು. ಪಕ್ಕಕ್ಕೆ ನಾಲ್ಕು ಟ್ರಿಪ್ಪು ಮುರುಮ್ ಹಾಕುವ ಕೆಲಸ ಮಾತ್ರ ಉಳಿದಿತ್ತು. 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491. ಅವರಲ್ಲಿ ಅರ್ಧಕ್ಕೆ ಸಮೀಪ ದ್ವಿಚಕ್ರ ವಾಹನದವರು, ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಒಟ್ಟು ರಸ್ತೆಯ ಉದ್ದದಲ್ಲಿ ನೂರಕ್ಕೆ ಎರಡರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳ ಮೇಲೆ ನೂರಕ್ಕೆ ಮೂವತ್ತಾರು ಸಾವು. ಅಂಚು ಎಂದರೆ ಬೈಕಿನವರು, ನಡೆಯುವವರು. ಅಂಚು ಬಿಟ್ಟು ರಸ್ತೆ ಮಾಡಿದರೆ ಅವರನ್ನು ಬಿಟ್ಟು ಮಾಡಿದಂತೆ.

ನಮ್ಮಲ್ಲಿ ಜನ ನಡೆಯುತ್ತಾರೆ. ಶರಣಬಸವೇಶ್ವರ ಜಾತ್ರೆಗೆ ರಾತ್ರಿಯೆಲ್ಲ ನಡೆದು ಬರುತ್ತಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಓದಿಗೆ, ದವಾಖಾನೆಗೆ, ಸಂತೆಗೆ ಧೈರ್ಯವಾಗಿ ಹೊರಡುತ್ತಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯರು ಕಾಲೇಜು ಬಿಡದಿರಲು ಅದೊಂದು ಕಾರಣ. ಬಸ್ಸಿಗೆ ಕಾಯುವವರು ಹೆಚ್ಚಿದರು, ನಿಲ್ಲುವ ಜಾಗ ಹೆಚ್ಚಲಿಲ್ಲ. ಕ್ರಾಸುಗಳಲ್ಲಿ ಅವರು ನಿಲ್ಲುವುದು ಲಾರಿಯ ಗಾಳಿ ಸೆರಗಿಗೆ ತಾಕುವಷ್ಟು ಹತ್ತಿರ. ಬಸ್ಸು ರಸ್ತೆಯ ಮೇಲೆಯೇ ನಿಲ್ಲುತ್ತದೆ, ಇಳಿದವರು ಬಸ್ಸಿನ ಮುಂದಿನಿಂದ ಓಡಿ ದಾಟುತ್ತಾರೆ. ಟಿಕೆಟ್ಟಿನ ನೀತಿ ಮಾಡಿದವರು ಒಂದು ಕಡೆ, ರಸ್ತೆಯ ನಕ್ಷೆ ಮಾಡುವವರು ಇನ್ನೊಂದು ಕಡೆ. ಇಬ್ಬರನ್ನೂ ಒಂದೆಡೆ ಕೂರಿಸಿ ಮಾತಾಡಿಸಿ. ಬಸ್ಸು ಹೆದ್ದಾರಿ ಬಿಟ್ಟು ಒಳಗೆ ಸರಿದು ನಿಲ್ಲಲು ಒಂದಿಷ್ಟು ಜಾಗ, ಒಂದು ದೀಪ, ಕುಳಿತುಕೊಳ್ಳಲು ಕಟ್ಟೆ. ಕೋಟಿಗಟ್ಟಲೆಯ ಕೆಲಸ ಅಲ್ಲ ಇದು.

ಕಲ್ಯಾಣ ಪಥ ಯೋಜನೆಯಲ್ಲಿ ನಮ್ಮ ಭಾಗದ ಹಳ್ಳಿಗಳಿಗೆ 1,000 ಕೋಟಿ ರೂಪಾಯಿ ವೆಚ್ಚದಲ್ಲಿ 1,150 ಕಿಲೋಮೀಟರ್ ರಸ್ತೆ ಎಂದು ರಾಜ್ಯ ಸರ್ಕಾರದವರು ಹೇಳಿದ್ದಾರೆ. ಬರಲಿ, ಸಂತೋಷ. ಆದರೆ ಹಳ್ಳಿಯ ರಸ್ತೆ ನುಣುಪಾದ ಮೇಲೆ ಹುಡುಗರ ಬೈಕು ಅದೇ ವೇಗದಲ್ಲಿ ಹೆದ್ದಾರಿಗೆ ಬಂದು ಸೇರುತ್ತದೆ. ಉಬ್ಬು ಇರಬೇಕಾದದ್ದು ಹಳ್ಳಿಯ ರಸ್ತೆಯಲ್ಲಿ, ಹೆದ್ದಾರಿ ಸೇರುವ ಮುಂಚೆ. ಕೂಡುವ ಜಾಗದ ಜಾಲಿ ಕಡಿದು ಎರಡೂ ಕಡೆ ಕಾಣುವಂತಿರಬೇಕು. ಇದನ್ನು ಮರೆತರೆ ಒಳ್ಳೆಯ ರಸ್ತೆಯೇ ಹುಡುಗನ ಜೀವಕ್ಕೆ ಎರವಾಗುತ್ತದೆ.

ನಗರದೊಳಗಿನ ಮಾತು ಒಂದೇ. ಕಲಬುರಗಿಯ ಓಣಿಗಳಲ್ಲಿ ಹಳೆಯ ಪದರ ಕೆತ್ತದೆ ಹೊಸ ಡಾಂಬರು, ಹೊಸ ಕಾಂಕ್ರೀಟ್ ಹಾಕುತ್ತಾ ಹೋದಂತೆ ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗೆ ಇಳಿದಿದೆ. ಮಳೆ ಬಂದರೆ ನೀರು ಚರಂಡಿಗೆ ಹೋಗದೆ ಅಡುಗೆಮನೆಗೆ ಬರುತ್ತದೆ. ಮುದುಕಿಯರು ರಾತ್ರಿಯೆಲ್ಲ ಬೋಗುಣಿಯಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಾರೆ. ಹಾಸುವ ಮುಂಚೆ ಕೆತ್ತಿ.

ಕಾನೂನು ನಿಮ್ಮ ಜತೆಗಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ನಿಗದಿತ ಮಟ್ಟ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರ, ಸಲಹೆಗಾರ, ಹೊಣೆಯ ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿ ತನಕ ದಂಡ. ಜೀವಕ್ಕೆ ಒಂದು ಲಕ್ಷ ಸಣ್ಣ ಮೊತ್ತ. ಆದರೆ ರಸ್ತೆಯೂ ತಪ್ಪು ಮಾಡಬಲ್ಲದು ಎಂದು ಈ ಕಲಮು ಒಪ್ಪಿಕೊಂಡಿದೆ. ನಿಮ್ಮ ಮೇಲಿನವರು ಅಡ್ಡದಾರಿ ಹಿಡಿಯಲು ಹೇಳಿದಾಗ ಕಡತದಲ್ಲಿ ಈ ಸಂಖ್ಯೆ ಬರೆದು ನಿಲ್ಲಿ. ಅಪಘಾತ ಕಂಡರೆ ನಿಲ್ಲಲು ಯಾರೂ ಹೆದರಬೇಕಿಲ್ಲ. ನೆರವಾದವರಿಗೆ 134ಎ ಕಲಮಿನ ರಕ್ಷಣೆ ಇದೆ. ಗಾಯಗೊಂಡವರಿಗೆ ಏಳು ದಿನದ ತನಕ ಒಂದೂವರೆ ಲಕ್ಷ ರೂಪಾಯಿ ವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. ಹೆದ್ದಾರಿಯ ಸಹಾಯವಾಣಿ 1033. ಇದನ್ನು ನಿಮ್ಮ ಹಳ್ಳಿಯ ಹೋಟೆಲಿನ ಗೋಡೆಗಳ ಮೇಲೆ ಬರೆಸಿ.

ಕಮಲಾಪುರದ ಕೆಂಪು ಬಾಳೆಯನ್ನು ನೀವೆಲ್ಲ ತಿಂದಿದ್ದೀರಿ. ಭೌಗೋಳಿಕ ಗುರುತು ಪಡೆದ ಹಣ್ಣು. ಆ ಬೆಳೆಗೆ ಬೇರೆ ಬಾಳೆಗಿಂತ ಹೆಚ್ಚು ಕಾಲ ಬೇಕು, ಹೆಚ್ಚು ಆರೈಕೆ ಬೇಕು. ನೀರು ಕೊಡುವುದು ಎಷ್ಟು ಮುಖ್ಯವೋ ಬುಡದಲ್ಲಿ ನೀರು ನಿಲ್ಲದಂತೆ ನೋಡುವುದೂ ಅಷ್ಟೇ ಮುಖ್ಯ ಎಂದು ಬೆಳೆಗಾರ ತಂದೆಯೊಬ್ಬರು ನನಗೆ ಹೇಳಿದ್ದರು. ಅವರ ಮಗಳು ಈಗ ನಿಮ್ಮ ನಡುವೆಯೇ ಸಿವಿಲ್ ಓದುತ್ತಿದ್ದಾಳೆ. ತೋಟದಲ್ಲಿ ಕಲಿತದ್ದನ್ನು ಅವಳು ಸಡಕಿನ ಮೇಲೆ ಮಾಡಿ ತೋರಿಸಲಿ.

ಒಂದು ಕೆಲಸ ಕೇಳುತ್ತೇನೆ. ಈ ವರ್ಷ ಮೃಗಶಿರ ಮಳೆ ಕೂಡುವ ಮುಂಚೆ, ಮೇ ಕೊನೆಯ ಎರಡು ಭಾನುವಾರ, ಕಪನೂರಿನಿಂದ ಕಮಲಾಪುರದ ತನಕ ಒಬ್ಬೊಬ್ಬರು ಒಂದೊಂದು ಕಿಲೋಮೀಟರ್ ಹಂಚಿಕೊಂಡು ನಡೆಯಿರಿ. ಎಷ್ಟು ಮೋರಿ, ಯಾವುದರ ಬಾಯಿ ಕಟ್ಟಿದೆ, ಎಲ್ಲಿ ಅಂಚು ಗೇಣಿಗಿಂತ ಕೆಳಗಿದೆ, ಎಲ್ಲಿ ಒಡ್ಡು ಎದ್ದಿದೆ, ಬಿರುಕು ಎಲ್ಲಿ ಶುರುವಾಗಿದೆ. ಟೇಪು ಹಿಡಿದು ಅಳೆಯಿರಿ, ತಾರೀಖು ಸಮೇತ ಚಿತ್ರ ತೆಗೆಯಿರಿ, ಒಂದು ಪಟ್ಟಿ ಮಾಡಿ. ಹೆದ್ದಾರಿ ವಿಭಾಗದ ಕಚೇರಿಗೆ, ಜಿಲ್ಲಾಧಿಕಾರಿಗಳ ರಸ್ತೆ ಸುರಕ್ಷತಾ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಕ್ಟೋಬರಿನಲ್ಲಿ ಮತ್ತೆ ಅದೇ ಪಟ್ಟಿ ಹಿಡಿದು ನಡೆಯಿರಿ. ಗುಂಡಿ ಎಲ್ಲಿ ಬಿದ್ದಿದೆ ನೋಡಿ.

ಮಹಾಗಾಂವ ಕ್ರಾಸಿನ ಆಚೆಯ ಕಿಲೋಮೀಟರು ನನಗೆ ಬಿಡಿ. ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಹುಮನಾಬಾದ್ ರಿಂಗ್ ರೋಡಿನಲ್ಲಿ ನಿಮಗಾಗಿ ನಿಂತಿರುತ್ತೇನೆ.

ನಿಮ್ಮ ಹಳೆಯ ಗಣಿತದ ಮಾಸ್ತರ,
ಕಲಬುರಗಿ